ಕಡಲ ದಂಡೆಯಿಂದ ಯಾಣದವರೆಗೆ: ಕುಟುಂಬದೊಡನೆ ಕಾಲ್ನಡಿಗೆ

ದೀಪಾವಳಿ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಹಿಂಗಾರಿ ಬಿತ್ತನೆ ಮುಗಿಸಿದ ರೈತ ಬಂಧುಗಳಿಗೆ ತುಸು ಬಿಡುವು. ನೌಕರಿಯಲ್ಲಿರುವವರಿಗೆ ವರ್ಷಾಂತ್ಯದೊಳಗೆ ತೀರಿಸಬೇಕಾದ ನಾಲ್ಕಾರು ರಜೆಗಳು. ಮಕ್ಕಳಂತೂ ಶಾಲೆಯ ಗೋಡೆಯಿಂದ ಹೊರಬಿದ್ದರೆ ಸಾಕೆನ್ನುತ್ತಿರುತ್ತಾರೆ. ಆಗ ಒಂದು ಬಾಡಿಗೆ ವಾಹನವನ್ನು ಗೊತ್ತುಮಾಡಿ, ಮೂರು ದಿನಗಳಲ್ಲಿ ಎಂಟು ಕ್ಷೇತ್ರಗಳನ್ನು ಮುಗಿಸಿ ಬರುವುದು ನಮ್ಮಲ್ಲಿ ಬೆಳೆದುಬಂದಿರುವ ರೂಢಿ. ಧರ್ಮಸ್ಥಳದಲ್ಲಿ ಊಟ, ಶೃಂಗೇರಿಯಲ್ಲಿ ರಾತ್ರಿ, ಕೊಲ್ಲೂರಿನಲ್ಲಿ ಬೆಳಗು, ಮುರುಡೇಶ್ವರದಲ್ಲಿ ಅರ್ಧ ಗಂಟೆ! ಮನೆಗೆ ಮರಳಿದ ಮೇಲೆ ಮಕ್ಕಳನ್ನು ಏನು ಕಂಡಿರೆಂದು ಕೇಳಿದರೆ ಘಟ್ಟದ ತಿರುವಿನಲ್ಲಿ ಯಾರಿಗೆ ವಾಂತಿಯಾಯಿತು ಎಂಬುದನ್ನು ಬಿಟ್ಟು ಬೇರೆ ಯಾವುದೂ ಅವರ ನೆನಪಿನಲ್ಲಿ ಉಳಿದಿರುವುದಿಲ್ಲ.

ಇನ್ನೊಂದು ಕಡೆ, ನಮ್ಮ ಯುವಕ ಯುವತಿಯರು ಬೆನ್ನಿಗೆ ಚೀಲ ಕಟ್ಟಿಕೊಂಡು ಚಾರಣಕ್ಕೆ ಹೊರಡುವುದು ಈಚಿನ ವರ್ಷಗಳಲ್ಲಿ ಸಾಮಾನ್ಯವಾಗಿದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ನಿದ್ದೆಗೆಟ್ಟು ಬೆಟ್ಟ ಹತ್ತಿ, ಸೋಮವಾರ ಮುಂಜಾನೆ ಕಚೇರಿಗೆ ಹಾಜರಾಗುವ ಚಾರಣ ಅದು. ಮನೆಯಲ್ಲಿ ತಾಯಿ ದೂರವಾಣಿಯ ಮುಂದೆ ಕುಳಿತು ಆತಂಕಪಡುತ್ತಿರುತ್ತಾಳೆ. ಹಿರಿಯರ ಪ್ರವಾಸದಲ್ಲಿ ಕಿರಿಯರಿಗೆ ಬೇಸರ, ಕಿರಿಯರ ಪ್ರವಾಸದಲ್ಲಿ ಹಿರಿಯರಿಗೆ ಸ್ಥಳವೇ ಇಲ್ಲ. ಇಡೀ ಮನೆಮಂದಿ ಕೂಡಿ, ಅಜ್ಜನಿಂದ ಮೊಮ್ಮಗಳವರೆಗೆ, ನಾಲ್ಕು ದಿನ ಕಾಲ್ನಡಿಗೆಯಲ್ಲಿ ನಾಡು ನೋಡಿ ಬರುವುದು ಸಾಧ್ಯವೇ ಎಂಬುದು ಈ ಸಂಚಿಕೆಯಲ್ಲಿ ನಾವೆತ್ತಿಕೊಂಡಿರುವ ವಿಚಾರ. ಸಾಧ್ಯವೆಂದೇ ನಮ್ಮ ನಂಬಿಕೆ. ಆದರೆ ಅದಕ್ಕೆ ಒಂದು ನಿಬಂಧನೆಯುಂಟು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆಯನ್ನೇ ಅಳತೆಗೋಲಾಗಿ ಹಿಡಿದು ಯೋಜನೆ ರೂಪಿಸಬೇಕು. ಸ್ಥಳಗಳ ಪಟ್ಟಿ ಅನಂತರದ್ದು.

ಇದಕ್ಕೆ ಒಪ್ಪುವ ಒಂದು ಸೀಮೆ ನಮ್ಮ ನಾಡಿನಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕು. ಕುಮಟೆಯಿಂದ ಗೋಕರ್ಣದವರೆಗಿನ ಕಡಲ ದಂಡೆ, ಘಟ್ಟದ ಮಗ್ಗುಲಿನಲ್ಲಿ ಯಾಣದ ಬಂಡೆಗಳು, ಎರಡರ ನಡುವೆ ಅಘನಾಶಿನಿ ನದಿ: ಸಮುದ್ರವೂ ಮಲೆಯೂ ಒಂದೇ ತಾಲ್ಲೂಕಿನ ಆಸುಪಾಸಿನಲ್ಲಿ ಸಿಗುವ ಇಂಥ ಸ್ಥಳ ವಿರಳ. "ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ" ಎಂಬ ಗಾದೆ ಆ ಕಡೆ ಹಳೆಯದು. ಗೋಕರ್ಣಕ್ಕೆ ಹೋದರೆ ದಾನ ದಕ್ಷಿಣೆಗೆ ಹಣ ಬೇಕು. ಯಾಣದ ದಟ್ಟ ಕಾಡನ್ನು ಹೊಗಲು ಮೈಯಲ್ಲಿ ಕಸುವೂ ಎದೆಯಲ್ಲಿ ಸೊಕ್ಕೂ ಬೇಕು ಎಂಬುದು ಅದರ ಇಂಗಿತ. ಈಗ ಯಾಣದ ಹತ್ತಿರದವರೆಗೆ ರಸ್ತೆಯಾಗಿ, ಕೊನೆಯ ಅಲ್ಪ ದೂರವನ್ನು ಮಾತ್ರ ನಡೆದರೆ ಸಾಕಾಗಿರುವುದರಿಂದ ಗಾದೆ ಸ್ವಲ್ಪ ಮಂಕಾಗಿದೆ. ರೊಕ್ಕವೂ ಸೊಕ್ಕೂ ಮಿತವಾಗಿರುವ ನಮ್ಮಂಥ ಮಧ್ಯಮ ವರ್ಗದ ಕುಟುಂಬಗಳಿಗೆ ಎರಡೂ ಒಂದೇ ಪ್ರವಾಸದಲ್ಲಿ ದಕ್ಕುತ್ತವೆ.

ಮೊದಲು ಕಾಲದ ವಿಚಾರ. ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ತಿಂಗಳುಗಳಲ್ಲಿ ದಂಡೆಯ ಮೇಲಾಗಲಿ ಘಟ್ಟದಲ್ಲಾಗಲಿ ಕುಟುಂಬದೊಡನೆ ನಡೆಯುವ ಆಲೋಚನೆಯನ್ನೇ ಮಾಡಕೂಡದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಪ್ರಾಣಹಾನಿಯಾದುದನ್ನು ಓದುಗರು ಮರೆತಿರಲಾರರು. ಮಾರ್ಚಿನ ಅನಂತರ ದಂಡೆಯ ಬಿಸಿಲು ಬಯಲುಸೀಮೆಯವರಿಗೂ ತಡೆಯದು. ನಮ್ಮ ಒಣಬಿಸಿಲು ಬೇರೆ, ಬೆವರು ಆರದ ಕರಾವಳಿಯ ಸೆಕೆ ಬೇರೆ. ಆದುದರಿಂದ ನವೆಂಬರ್‌ನಿಂದ ಫೆಬ್ರವರಿಯ ಒಳಗೆ, ಅದರಲ್ಲಿಯೂ ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗಿನ ಒಂದು ತಿಂಗಳು, ಅತ್ಯಂತ ಯೋಗ್ಯವಾದ ಕಾಲ. ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಕಾಡು ಹಸಿರಾಗಿರುತ್ತದೆ, ಸಮುದ್ರ ಶಾಂತವಾಗಿರುತ್ತದೆ. ಶಿವರಾತ್ರಿಯ ಸಮಯದಲ್ಲಿ ಗೋಕರ್ಣದಲ್ಲಿ ಕೋಣೆ ದೊರೆಯುವುದು ದುರ್ಲಭ. ಜಾತ್ರೆಗೆ ಹೋಗುವವರು ಹೋಗಲಿ, ನಡಿಗೆಗೆ ಹೋಗುವವರು ಆ ವಾರವನ್ನು ಬಿಡಬೇಕು. ಡಿಸೆಂಬರ್ ಕೊನೆಯ ವಾರದ ಗದ್ದಲವೂ ಅಷ್ಟೇ.

ಕಾಲವನ್ನು ಆರಿಸಿದ ಮೇಲೆ ದೂರದ ಲೆಕ್ಕ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಎಂಬುವರು ನಡಿಗೆಗೆ ಒಂದು ಸೂತ್ರವನ್ನು ಹೇಳಿದರು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿಯ ಏರಿಗೆ ಇನ್ನೊಂದು ಗಂಟೆ. ನಮ್ಮ ಹಿರಿಯರು ಹರದಾರಿ ಎಂದು ಎಣಿಸುತ್ತಿದ್ದ ದೂರವೂ ಸರಿಸುಮಾರು ಮೂರು ಮೈಲಿಯೇ ಎಂಬುದು ಕುತೂಹಲದ ಸಂಗತಿ. ಆದರೆ ನೈಸ್ಮಿತ್ ಲೆಕ್ಕ ಗಟ್ಟಿಮುಟ್ಟಾದ ವಯಸ್ಕರದು, ನೆಲವೂ ಸುಗಮವಾಗಿದ್ದಾಗಿನದು. ಎಂಟು ವರ್ಷದ ಮಗುವೂ ಅರವತ್ತೈದು ವರ್ಷದ ಅತ್ತೆಯವರೂ ಇರುವ ತಂಡ ಮರಳಿನ ಮೇಲೆ ಗಂಟೆಗೆ 2 ಕಿಲೋಮೀಟರ್ ನಡೆದರೆ ಅದೇ ದೊಡ್ಡದು. ಕಾಲು ಹೂತುಹೋಗುವ ಒಣಮರಳಿನಲ್ಲಿ ಅಷ್ಟೂ ಸಾಗದು. ನೀರಿನ ಅಂಚಿನ ಹಸಿಮರಳಿನ ಮೇಲೆ ನಡೆಯುವುದು ಸುಲಭ. ವಿಶ್ರಾಂತಿ, ಊಟ, ಮಕ್ಕಳು ಚಿಪ್ಪು ಆರಿಸುತ್ತ ನಿಲ್ಲುವುದು ಎಲ್ಲವನ್ನೂ ಸೇರಿಸಿದರೆ ದಿನಕ್ಕೆ 10ರಿಂದ 12 ಕಿಲೋಮೀಟರ್ ಮೇಲ್ಮಿತಿ. ಅದಕ್ಕೂ ಮನೆಯಲ್ಲಿ ಅಭ್ಯಾಸ ಬೇಕು. ಹೊರಡುವುದಕ್ಕೆ ಒಂದೂವರೆ ತಿಂಗಳ ಮೊದಲಿನಿಂದ ವಾರಕ್ಕೆ ನಾಲ್ಕು ದಿನ ಎಲ್ಲರೂ ಕೂಡಿ ನಸುಕಿನಲ್ಲಿ ಒಂದು ಗಂಟೆ ನಡೆಯಬೇಕು. ಪ್ರವಾಸದಲ್ಲಿ ಹಾಕಿಕೊಳ್ಳುವ ಬೂಟನ್ನೇ ಆಗಲೂ ಹಾಕಿಕೊಳ್ಳಬೇಕು. ಹೊಸ ಬೂಟು ತೊಟ್ಟು ದಂಡೆಗಿಳಿದವರ ಹಿಮ್ಮಡಿ ಮೊದಲ ದಿನವೇ ಬೊಬ್ಬೆಯೇಳುತ್ತದೆ. ಮಧುಮೇಹ, ರಕ್ತದೊತ್ತಡ ಅಥವಾ ಮಂಡಿನೋವು ಇದ್ದವರು ವೈದ್ಯರನ್ನು ಕೇಳಿಯೇ ಹೊರಡತಕ್ಕದ್ದು. ಮಧುಮೇಹಿಗಳಂತೂ ಮರಳಿನ ಮೇಲೆ ಬರಿಗಾಲಿನಲ್ಲಿ ನಡೆಯಬಾರದು. ಅವರಿಗೆ ಚಿಪ್ಪು ಚುಚ್ಚಿದ್ದು ತಿಳಿಯದೆಯೇ ಹೋಗಬಹುದು.

ಆರು ದಿನಗಳ ರಜೆಯಿದ್ದರೆ ನಡಿಗೆ ಮೂರೇ ದಿನ ಇರಲಿ ಎಂಬುದು ನಮ್ಮ ಸಲಹೆ. ಮೊದಲ ದಿನ ಹುಬ್ಬಳ್ಳಿಯಿಂದ ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಬಸ್ಸಿನಲ್ಲಿಯೋ, ದೂರದವರು ಕೊಂಕಣ ರೈಲಿನಲ್ಲಿಯೋ ಕುಮಟೆಗೆ ತಲುಪಿ ವಿಶ್ರಾಂತಿ. ಎರಡನೆಯ ದಿನ ಕುಮಟೆಯಿಂದ ದಂಡೆಗುಂಟ ಉತ್ತರಕ್ಕೆ ಅಘನಾಶಿನಿ ಗ್ರಾಮದವರೆಗೆ. ಮೂರನೆಯ ದಿನ ನದಿ ದಾಟಿ ಗೋಕರ್ಣ. ನಾಲ್ಕನೆಯ ದಿನ ಪೂರ್ಣ ವಿರಾಮ, ಸಂಜೆಗೆ ಯಾಣದ ಕಡೆಯ ಒಂದು ತಂಗುಮನೆ. ಐದನೆಯ ದಿನ ಕಾಡಿನ ನಡಿಗೆ. ಆರನೆಯ ದಿನ ಮರಳುವುದು. ಕುಮಟೆಯಿಂದ ಗೋಕರ್ಣಕ್ಕೆ ದಂಡೆಯ ದಾರಿ ಒಟ್ಟು 25 ಕಿಲೋಮೀಟರ್‌ಗೂ ಮಿಗಿಲು. ತರುಣರು ಎರಡು ದಿನಗಳಲ್ಲಿ ಪೂರೈಸುತ್ತಾರೆ. ನಮ್ಮ ತಂಡ ಅದರಲ್ಲಿ ಅರ್ಧವನ್ನಷ್ಟೇ ನಡೆದು ಉಳಿದುದನ್ನು ಆಟೋದಲ್ಲಿ ಹೋದರೆ ಯಾವ ಅಗೌರವವೂ ಇಲ್ಲ.

ಈ ಮಾರ್ಗವನ್ನು ನಾವು ಮೆಚ್ಚುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲ ಮುಂತಾದ ಊರುಗಳು ದಂಡೆಗೆ ಅಂಟಿಕೊಂಡೇ ಇವೆ. ಕುಮಟೆಯಿಂದ ಅಘನಾಶಿನಿಗೆ ಒಳಗಿನಿಂದ ರಸ್ತೆಯೂ ಇದೆ. ಹಿರಿಯರು ಬೆಳಗಿನ ತಂಪಿನಲ್ಲಿ ಎರಡು ಮೂರು ಕಿಲೋಮೀಟರ್ ಎಲ್ಲರೊಡನೆ ನಡೆದು, ಬಿಸಿಲೇರಿದಾಗ ಯಾವುದಾದರೊಂದು ಊರಿನಲ್ಲಿ ರಸ್ತೆಗೆ ಹತ್ತಿ, ವಾಹನದಲ್ಲಿ ಮುಂದಿನ ತಂಗುದಾಣಕ್ಕೆ ಹೋಗಬಹುದು. ಕಿರಿಯರು ಸಂಜೆ ಅಲ್ಲಿ ಬಂದು ಸೇರುತ್ತಾರೆ. ಹೀಗೆ ಎರಡು ಕವಲಾಗಿ ಸಾಗಿ ಸಂಜೆ ಒಂದಾಗುವ ಅನುಕೂಲ ಎಲ್ಲ ಚಾರಣಗಳಲ್ಲಿ ಇರುವುದಿಲ್ಲ. 1,712 ಮೀಟರ್ ಎತ್ತರದ ಕುಮಾರಪರ್ವತವನ್ನೇ ನೋಡಿ. ಹತ್ತಲು ಹೊರಟವರು ಹತ್ತಲೇಬೇಕು, ಇಳಿಯಲೇಬೇಕು. ನಡುವೆ ದಣಿದವರನ್ನು ಕರೆದೊಯ್ಯಲು ಯಾವ ವಾಹನವೂ ಬಾರದು. ಅದರ ಮೇಲೆ ಜನಸಂದಣಿ. 2024ರ ಜನವರಿ ಕೊನೆಯ ವಾರದಲ್ಲಿ ಅಲ್ಲಿ ಸಾಲು ಸಾಲಾಗಿ ಜನ ನೆರೆದುದನ್ನು ಕಂಡು ಸರ್ಕಾರ ಹಲವು ಚಾರಣಗಳಿಗೆ ತಾತ್ಕಾಲಿಕ ತಡೆ ಒಡ್ಡಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣವನ್ನು ತೆರೆದು, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯೊಡನೆ ಮುಂಗಡ ನೋಂದಣಿಯನ್ನು ಜಾರಿಗೆ ತಂದಿತು. ಕುದುರೆಮುಖವೋ ಕುಮಾರಪರ್ವತವೋ ಬೇಕೆನ್ನುವ ತರುಣರು ಅದರ ಮೂಲಕವೇ ಹೋಗಬೇಕು. ಕುಟುಂಬದ ಮೊದಲ ನಡಿಗೆಗೆ ಅವು ತಕ್ಕವಲ್ಲ.

ಇನ್ನು ಕಡಲಿನ ವಿಷಯ. ಕರಾವಳಿಯವರಿಗೆ ಹುಟ್ಟಿನಿಂದ ಗೊತ್ತಿರುವ ಉಬ್ಬರ ಇಳಿತದ ಲೆಕ್ಕ ನಮ್ಮವರಿಗೆ ಗೊತ್ತಿಲ್ಲ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿಗೂ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆ. ಪ್ರತಿದಿನ ಈ ವೇಳೆ ಸರಾಸರಿ 50 ನಿಮಿಷದಷ್ಟು ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಅಂದರೆ ಇಂದು ಹತ್ತಕ್ಕೆ ಉಬ್ಬರವಿದ್ದರೆ ನಾಳೆ ಹನ್ನೊಂದರ ಸಮೀಪ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರ್ ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಅಷ್ಟಮಿ ನವಮಿಗಳ ಹತ್ತಿರ ದಂಡೆಯ ನಡಿಗೆ ಬರುವಂತೆ ದಿನಾಂಕವನ್ನು ಆರಿಸಿದರೆ ಏರಿಳಿತದ ತೊಂದರೆ ಅರ್ಧ ಕಡಿಮೆಯಾಯಿತು. ದಂಡೆ ಉದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ಅಲ್ಲಲ್ಲಿ ಗುಡ್ಡದ ಮೂಗು ಸಮುದ್ರಕ್ಕೆ ಚಾಚಿಕೊಂಡಿರುತ್ತದೆ. ಇಳಿತದಲ್ಲಿ ಅದರ ಬುಡದ ಬಂಡೆಗಳ ಮೇಲೆ ದಾಟಬಹುದೆಂದು ಕಂಡರೂ ಮಕ್ಕಳಿರುವವರು ಮೇಲಿನ ಕಾಲುದಾರಿಯನ್ನೇ ಹಿಡಿಯಬೇಕು. ಬಂಡೆಯ ಮೇಲಿನ ಹಾವಸೆ ಎಂಥ ಬೂಟನ್ನೂ ನಿಲ್ಲಗೊಡದು. ಆಯಾ ದಿನದ ವೇಳೆಯನ್ನು ಹಿಂದಿನ ಸಂಜೆಯೇ ಅಲ್ಲಿಯ ಮೀನುಗಾರರನ್ನು ಕೇಳಿ ತಿಳಿದುಕೊಳ್ಳುವುದು ಮೇಲು.

ಸಮುದ್ರಸ್ನಾನದ ವಿಷಯದಲ್ಲಿ ನಾವು ಕಟುವಾಗಿ ಬರೆಯುವುದಕ್ಕೆ ಓದುಗರು ಬೇಸರಿಸಬಾರದು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ದಂಡೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ದೂರದ ಒಳನಾಡಿನ ಮಕ್ಕಳು ಅವರು. ನಮ್ಮ ಮಕ್ಕಳೂ ಅಂಥವರೇ: ಕೆರೆ ಬಾವಿಗಳನ್ನು ಕಂಡವರು, ಅಲೆ ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳನ್ನು ಹೇಗೆ ಸೆಳೆಯುತ್ತದೆ ಎಂಬುದನ್ನು ಕಾಣದವರು. ಈಜು ಬಲ್ಲವರನ್ನೂ ಈ ಸೆಳೆತ ಬಿಡದು. ಜೀವರಕ್ಷಕ ಸಿಬ್ಬಂದಿ ಇರುವ ದಂಡೆಯಲ್ಲಿ, ಅವರು ಗುರುತಿಸಿದ ಎಲ್ಲೆಯೊಳಗೆ, ಮಂಡಿಯುದ್ದದ ನೀರಿನಲ್ಲಿ ಆಡಿದರೆ ಸಾಕು. ನಿರ್ಜನ ದಂಡೆಯಲ್ಲಿ ಪಾದ ತೊಳೆದುಕೊಳ್ಳುವುದಕ್ಕಿಂತ ಹೆಚ್ಚಿನದು ಬೇಡ. ಈ ಮಾತನ್ನು ದಂಡೆ ಕಂಡ ಮೇಲೆ ಹೇಳಿದರೆ ಮಕ್ಕಳು ಕೇಳುವುದಿಲ್ಲ. ಮನೆಯಲ್ಲಿಯೇ, ಚೀಲ ಕಟ್ಟುವಾಗ, ಹೇಳಿ ಒಪ್ಪಿಸಿರಬೇಕು.

ಎರಡನೆಯ ದಿನದ ಸಂಜೆ ತಲುಪುವ ಅಘನಾಶಿನಿ ನದೀಮುಖ ಇಡೀ ಪ್ರವಾಸದ ಹೃದಯವೆಂದರೆ ತಪ್ಪಾಗದು. ಶಿರಸಿಯ ಶಂಕರಹೊಂಡದಿಂದ ಹೊರಟ ಈ ನದಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಲುಕದೆ ಸಮುದ್ರವನ್ನು ಸೇರುತ್ತದೆ. ಸಿಹಿನೀರೂ ಉಪ್ಪುನೀರೂ ಕೂಡುವ ಇಲ್ಲಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್‌ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಅದೇ ಸಂದರ್ಭದಲ್ಲಿ ದೊರೆತದ್ದು ನಮ್ಮ ಕಡೆಯವರಿಗೆ ನೆನಪಿರಬಹುದು. ಇಳಿತದ ಹೊತ್ತಿನಲ್ಲಿ ಊರಿನ ಹೆಂಗಸರೂ ಗಂಡಸರೂ ಬುಟ್ಟಿ ಹಿಡಿದು ಕೆಸರಿಗಿಳಿದು ಚಿಪ್ಪು ಆಯುತ್ತಾರೆ. ನಮ್ಮ ಆಹಾರ ಪದ್ಧತಿ ಬೇರೆಯಾದರೂ, ನೂರಾರು ಮನೆಗಳ ಒಲೆ ಉರಿಯುವುದು ಈ ಕೆಸರಿನಿಂದ ಎಂಬುದನ್ನು ಮಕ್ಕಳಿಗೆ ತೋರಿಸಬೇಕು. ಮೂಗು ಮುಚ್ಚಿಕೊಳ್ಳುವ ಚೇಷ್ಟೆಯನ್ನು ತಡೆಯಬೇಕು. ಗಜನಿ ಎಂದು ಕರೆಯುವ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಎಂಬ ಭತ್ತದ ತಳಿಯೂ ಇಲ್ಲಿಯದೇ. ಸವಳು ನೆಲದ ಸಂಕಟವನ್ನು ಬಲ್ಲ ತುಂಗಭದ್ರಾ ಅಚ್ಚುಕಟ್ಟಿನ ನಮ್ಮ ರೈತ ಬಂಧುಗಳು ಉಪ್ಪುನೀರು ಒಳನುಗ್ಗಿದರೂ ನಿಲ್ಲುವ ಆ ಪೈರನ್ನು ನೋಡಿದರೆ ಅಲ್ಲಿಂದ ಬೇಗ ಕದಲಲಾರರು. ಸಮೀಪದಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಆ ಸಂಜೆಗೆ ಬೇರೆ ಕಾರ್ಯಕ್ರಮವನ್ನು ಇಟ್ಟುಕೊಳ್ಳಲೇಬಾರದು.

ಮರುದಿನ ದೋಣಿಯಲ್ಲಿ ನದಿ ದಾಟಿ ತದಡಿ. ದೋಣಿಯ ವೇಳೆಯನ್ನು ಹಿಂದಿನ ರಾತ್ರಿಯೇ ವಿಚಾರಿಸಿಟ್ಟುಕೊಂಡಿರಬೇಕು. ಆಚೆ ದಡದಿಂದ ಬೇಲೆಕಾನ, ಪ್ಯಾರಡೈಸ್, ಹಾಫ್‌ಮೂನ್, ಓಂ, ಕುಡ್ಲೆ ಎಂಬ ದಂಡೆಗಳು ಒಂದಾದ ಮೇಲೊಂದು. ನಡುವೆ ಗುಡ್ಡದ ಏರಿಳಿತ. ನೋಟಕ್ಕೆ ಇದು ಅತ್ಯಂತ ರಮಣೀಯ, ಕಾಲಿಗೆ ಅತ್ಯಂತ ಕಠಿಣ. ಪ್ಯಾರಡೈಸ್‌ಗೂ ಓಂ ದಂಡೆಗೂ ನಡುವಿನ ಭಾಗದಲ್ಲಿ ಕಾಲುದಾರಿ ಕಿರಿದಾಗಿದ್ದು, ಕಲ್ಲು ಸಡಿಲ, ಒಂದು ಮಗ್ಗುಲಿಗೆ ಸಮುದ್ರ. ಅಲ್ಲಿಗೆ ವಾಹನವೂ ಬಾರದು. ಮಂಡಿನೋವಿನವರೂ ಚಿಕ್ಕ ಮಕ್ಕಳೂ ತದಡಿಯಿಂದಲೇ ರಸ್ತೆಯ ಮೂಲಕ ಗೋಕರ್ಣಕ್ಕೆ ಹೋಗಿ, ಸಂಜೆ ಓಂ ದಂಡೆಯ ಮೇಲ್ಭಾಗದವರೆಗೆ ವಾಹನದಲ್ಲಿ ಬಂದು ಉಳಿದವರನ್ನು ಎದುರುಗೊಳ್ಳಲಿ. ನಡೆಯುವವರು ಬೆಳಗಿನ ಏಳರೊಳಗೆ ಹೊರಟು, ಬಿಸಿಲಿನಲ್ಲಿ ಎರಡು ಗಂಟೆ ನೆರಳು ಹಿಡಿದು ಕುಳಿತು, ನಾಲ್ಕೂವರೆಗೆ ಓಂ ದಂಡೆಯಲ್ಲಿರಬೇಕು. ಡಿಸೆಂಬರ್‌ನಲ್ಲಿ ಸಂಜೆ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಆಮೇಲೆ ಗುಡ್ಡದ ದಾರಿ ಅರ್ಧ ಗಂಟೆಯಲ್ಲಿ ಕಾಣದಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಅರ್ಧ ದಾರಿಯೂ ಸಾಗಿರದಿದ್ದರೆ ಹಿಂದಿರುಗತಕ್ಕದ್ದು. ಈ ವೇಳೆಯನ್ನು ಹೊರಡುವ ಮೊದಲೇ ನಿಶ್ಚಯಿಸಿ, ಹಿಂದಿರುಗುವ ಮಾತನ್ನು ಹೇಳುವ ಅಧಿಕಾರವನ್ನು ಮನೆಯ ಯಜಮಾನನಿಗೆ ಬದಲು ಎಲ್ಲರಿಗಿಂತ ಎಚ್ಚರಿಕೆಯ ಸ್ವಭಾವದವರಿಗೆ ಕೊಟ್ಟರೆ ಒಳಿತು. ಅನೇಕ ಮನೆಗಳಲ್ಲಿ ಅಂಥವರು ಹಿರಿಯ ಸೊಸೆಯೇ ಆಗಿರುತ್ತಾರೆಂಬುದು ನಮ್ಮ ಅನುಭವ.

ಊಟದ ವಿಷಯದಲ್ಲಿ ಬಯಲುಸೀಮೆಯವರು ಭಾಗ್ಯವಂತರು. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮಾದಲಿ ಇವು ಕೆಡದೆ ದಿನಗಟ್ಟಲೆ ಉಳಿಯುತ್ತವೆ, ಹಗುರವಾಗಿರುತ್ತವೆ, ನಡೆಯುವವರ ಹಸಿವನ್ನು ತಣಿಸುತ್ತವೆ. ಅಂಗಡಿಯಲ್ಲಿ ಬಣ್ಣದ ಕಾಗದದಲ್ಲಿ ಸುತ್ತಿ ಮಾರುವ ಶಕ್ತಿಯ ತಿಂಡಿಗಳು ನಮ್ಮ ಶೇಂಗಾ ಹೋಳಿಗೆಯ ಮುಂದೆ ನಿಲ್ಲಲಾರವು. ಆದರೆ ಇವನ್ನು ಮಾಡುವವರು ಯಾರು? ಮೂರು ದಿನ ಮೊದಲಿನಿಂದ ತಾಯಂದಿರು ಒಲೆಯ ಮುಂದೆ ಬೆಂದು, ಪ್ರವಾಸದಲ್ಲಿಯೂ ಮುಂಜಾನೆ ನಾಲ್ಕಕ್ಕೆ ಎದ್ದು ಸ್ಟವ್ ಹಚ್ಚುವುದಾದರೆ ಅದನ್ನು ರಜೆಯೆಂದು ಕರೆಯುವುದು ನ್ಯಾಯವಲ್ಲ. ರೊಟ್ಟಿ ಚಟ್ನಿಗಳನ್ನು ಈಗ ನಮ್ಮ ಊರುಗಳಲ್ಲಿ ಮಹಿಳಾ ಸ್ವಸಹಾಯ ಗುಂಪಿನವರು ಮಾಡಿ ಮಾರುತ್ತಾರೆ, ಅವರಿಂದ ಕೊಳ್ಳಿರಿ. ಬೆಳಗಿನ ಮತ್ತು ರಾತ್ರಿಯ ಊಟ ತಂಗುಮನೆಯಲ್ಲಿರಲಿ. ಆ ಸೀಮೆಯ ಹವ್ಯಕ ಮನೆಗಳಲ್ಲಿ ಶುದ್ಧ ಸಸ್ಯಾಹಾರ ದೊರೆಯುತ್ತದೆ. ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಹಣ್ಣಿನ ಪಾನಕ ಇವುಗಳ ರುಚಿಯನ್ನು ನೋಡಲೇಬೇಕು. ಕೋಣೆಗಳನ್ನು ಗೊತ್ತುಮಾಡುವಾಗ ಶೌಚಾಲಯ, ಬಿಸಿನೀರು, ಹೆಂಗಸರು ಬಟ್ಟೆ ಬದಲಿಸಿಕೊಳ್ಳಲು ಮರೆ ಇವೆಯೇ ಎಂದು ಕೇಳುವುದಕ್ಕೆ ಸಂಕೋಚಪಡಬಾರದು. ನಡಿಗೆಯ ದಿನಗಳಲ್ಲಿ ಮುಟ್ಟು ಬಂದರೆ ಏನು ಮಾಡುವುದೆಂಬ ಚಿಂತೆಯಿಂದಲೇ ಎಷ್ಟೋ ಹೆಣ್ಣುಮಕ್ಕಳು ಹಿಂದೆ ಉಳಿಯುತ್ತಾರೆ. ಬೇಕಾದ ವಸ್ತುಗಳನ್ನು ಒಯ್ದು, ಆ ದಿನ ವಾಹನದ ಕವಲಿನಲ್ಲಿ ಹೋಗುವ ಸ್ವಾತಂತ್ರ್ಯವನ್ನು ಇಟ್ಟರಾಯಿತು. ಅದಕ್ಕಾಗಿ ಪ್ರವಾಸ ತಪ್ಪಿಸಬೇಕಾಗಿಲ್ಲ. ಲಿಂಗಪೂಜೆಯನ್ನು ಮುಗಿಸಿ ಹೊರಡುವವರ ಅರ್ಧ ಗಂಟೆಯನ್ನೂ ಬೆಳಗಿನ ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿಕೊಂಡರೆ ಅವಸರದ ಮಾತುಗಳು ತಪ್ಪುತ್ತವೆ.

ನೀರು ಮಾತ್ರ ಯಾರ ಪಾಲಿಗೂ ಕಡಿಮೆಯಾಗಕೂಡದು. ದಂಡೆಯ ದಿನಗಳಲ್ಲಿ ವಯಸ್ಕರಿಗೆ ತಲಾ ಮೂರು ಲೀಟರ್, ಜೊತೆಗೆ ಸಕ್ಕರೆ ಉಪ್ಪಿನ ಪುಡಿಯ ಪೊಟ್ಟಣ. ಮಕ್ಕಳ ಚೀಲದ ಭಾರ ಅವರ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದು. ಉಳಿದ ಸಾಮಾನು ವಾಹನದಲ್ಲಿ ಬರಲಿ. ಪ್ಲಾಸ್ಟಿಕ್ ಸೀಸೆಗಳನ್ನೂ ಪೊಟ್ಟಣದ ಹಾಳೆಗಳನ್ನೂ ಹೊತ್ತು ತಂದು ಊರಿನಲ್ಲಿಯೇ ಎಸೆಯಬೇಕೆಂದು ಬೇರೆ ಹೇಳಬೇಕಾಗಿಲ್ಲವೆಂದು ಭಾವಿಸುತ್ತೇವೆ.

ಯಾಣದ ದಿನ ಬೇರೆಯೇ ಲೋಕ. ಕಡಲಿನ ಬೆಳಕಿನಿಂದ ಒಮ್ಮೆಲೆ ಕಾಡಿನ ಕತ್ತಲೆಗೆ ಹೋದಂತೆ. ಕರಿಯ ಸುಣ್ಣಕಲ್ಲಿನ ಎರಡು ಬೃಹತ್ ಶಿಖರಗಳು ಮರಗಳ ನಡುವಿನಿಂದ ಎದ್ದು ನಿಂತಿವೆ: ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. 'ನಮ್ಮೂರ ಮಂದಾರ ಹೂವೆ' ಚಲನಚಿತ್ರದಲ್ಲಿ ಈ ಬಂಡೆಗಳನ್ನು ಕಂಡವರು ಅನೇಕರು. ಕೆಳಗೆ ನಿಂತು ತಲೆಯೆತ್ತಿ ನೋಡಿದಾಗಿನ ಅಳತೆ ಪರದೆಯ ಮೇಲೆ ತಿಳಿಯುವುದಿಲ್ಲ. ಹಿರಿಯರು ವಾಹನದ ನಿಲುಗಡೆಯಿಂದ ಮೆಟ್ಟಿಲುದಾರಿಯಲ್ಲಿ ನಿಧಾನವಾಗಿ ಬಂದು ಶಿಖರದ ಬುಡವನ್ನೂ ಗುಹೆಯನ್ನೂ ನೋಡಬಹುದು. ನಡೆಯಬಲ್ಲವರಿಗೆ ಅಲ್ಲಿಂದ ವಿಭೂತಿ ಜಲಪಾತದ ಕಡೆಗೆ ಕಾಡಿನೊಳಗಿನ ದಾರಿಯುಂಟು. ವಿಭೂತಿ ಎಂಬ ಹೆಸರು ಅಲ್ಲಿಯ ಸುಣ್ಣಕಲ್ಲಿನ ಬಿಳುಪಿನಿಂದ ಬಂದುದಂತೆ. ನಮ್ಮ ಮನೆಯ ಮಕ್ಕಳಿಗೆ ಆ ಹೆಸರು ಕೇಳಿದೊಡನೆ ನಗು ಬರುವುದು ಸಹಜ. ಈ ಕಾಡುದಾರಿಯನ್ನು ಸ್ಥಳೀಯ ಮಾರ್ಗದರ್ಶಕರಿಲ್ಲದೆ ಹಿಡಿಯಬಾರದು. ದಾರಿ ತೆರೆದಿದೆಯೇ, ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯ ಸಮೀಪದ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು. ಕುಮಟಾ ಶಿರಸಿ ನಡುವಿನ ಘಟ್ಟದ ರಸ್ತೆಯೂ ಮಳೆಯಿಂದಲೋ ಕಾಮಗಾರಿಯಿಂದಲೋ ಆಗಾಗ ಮುಚ್ಚುವುದರಿಂದ ಹಿಂದಿನ ದಿನ ವಿಚಾರಿಸುವುದು ಅವಶ್ಯ.

ಮಲೆಯ ಕಾಡಿನಲ್ಲಿ ಉಂಬಳ ಹತ್ತಿದರೆ ಹೆದರುವುದಕ್ಕೆ ಕಾರಣವಿಲ್ಲ. ತುಸು ಉಪ್ಪು ಸವರಿದರೆ ಬಿಡುತ್ತದೆ. ಹೆದರಬೇಕಾದದ್ದು ಕಣ್ಣಿಗೆ ಬೇಗ ಕಾಣದ ಉಣ್ಣೆಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಈ ಉಣ್ಣೆಯ ಕಡಿತದಿಂದ. ಉತ್ತರ ಕನ್ನಡದಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ನಾವು ನವೆಂಬರ್ ಮಧ್ಯವನ್ನು ಶ್ರೇಷ್ಠವೆಂದು ಹೇಳಿದುದಕ್ಕೆ ಇದೂ ಒಂದು ಕಾರಣ. ಆರೋಗ್ಯ ಇಲಾಖೆಯವರು ಯಾವ ಗ್ರಾಮದಲ್ಲಿ ಎಚ್ಚರಿಕೆ ಹೊರಡಿಸಿದ್ದಾರೆಂದು ತಿಳಿದುಕೊಂಡು ಅಂಥ ಕಾಡನ್ನು ಬಿಡಬೇಕು. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಕೈಕಾಲಿಗೆ ಉಣ್ಣೆ ದೂರವಿಡುವ ತೈಲ. ಹೆಣ್ಣುಮಕ್ಕಳೂ ಆ ಒಂದು ದಿನ ಸೀರೆಯ ಬದಲು ಚೂಡಿದಾರ ಧರಿಸುವುದು ಒಳ್ಳೆಯದು. ಒಣಗಿದ ಎಲೆಗಳ ಮೇಲೆ ಕುಳಿತುಕೊಳ್ಳಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಬೇಕು. ಸಂಜೆ ಬಿಸಿನೀರಿನಲ್ಲಿ ಮೈತೊಳೆದು, ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಒಬ್ಬರನ್ನೊಬ್ಬರು ಪರೀಕ್ಷಿಸಿಕೊಳ್ಳಬೇಕು.

ಹೊರಡುವ ಮೊದಲು ಒಂದು ಹಾಳೆಯ ಮೇಲೆ ಪ್ರತಿದಿನದ ಮಾರ್ಗ, ತಂಗುವ ಸ್ಥಳ, ತಲುಪುವ ವೇಳೆ ಇವನ್ನು ಬರೆದು ಊರಿನಲ್ಲಿ ಉಳಿಯುವ ಒಬ್ಬ ಬಂಧುವಿಗೆ ಕೊಟ್ಟಿರಬೇಕು. ಗುಡ್ಡದ ಮರೆಯಲ್ಲಿ ಮೊಬೈಲಿಗೆ ಸಂಕೇತ ಸಿಗದಿರುವುದು ಸಾಮಾನ್ಯ. ತುರ್ತಿಗೆ 112, ಆಂಬ್ಯುಲೆನ್ಸಿಗೆ 108. ಕುಮಟೆಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಅದಕ್ಕೂ ಮಿಗಿಲಾದ ಚಿಕಿತ್ಸೆ ಬೇಕಾದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಬೇಕಾದ ಸೀಮೆ ಅದು. ಹೃದಯದ ತೊಂದರೆಯುಳ್ಳವರು ಈ ದೂರವನ್ನು ಮನಸ್ಸಿನಲ್ಲಿಟ್ಟುಕೊಂಡು ಯಾವ ಕವಲಿನಲ್ಲಿ ಹೋಗಬೇಕೆಂಬುದನ್ನು ನಿರ್ಧರಿಸಲಿ.

ಮರಳಿ ಬಂದ ಮೇಲೆ ಎರಡು ಕೆಲಸಗಳು ಉಳಿಯುತ್ತವೆ. ಕಾಡಿನಲ್ಲಿ ಉಟ್ಟ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಿಸಿಲಿಗೆ ಹಾಕುವುದು ಮೊದಲನೆಯದು; ಈ ಸಲ ಅದನ್ನು ಗಂಡುಮಕ್ಕಳು ಮಾಡಲಿ. ಹತ್ತು ಹದಿನೈದು ದಿನಗಳೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ, ಉತ್ತರ ಕನ್ನಡದ ಕಾಡಿನಲ್ಲಿ ನಡೆದು ಬಂದಿದ್ದೇವೆ ಎಂದು ಬಾಯಿಬಿಟ್ಟು ಹೇಳುವುದು ಎರಡನೆಯದು. ಬಾಗಲಕೋಟೆಯಲ್ಲೋ ದಾವಣಗೆರೆಯಲ್ಲೋ ಕುಳಿತ ವೈದ್ಯರಿಗೆ, ನಾವು ಹೇಳದ ಹೊರತು, ಆ ಕಾಯಿಲೆಯ ಸಂದೇಹ ಬರುವ ಸಂಭವ ಕಡಿಮೆ.